ಸರ್ಮದನ ಜಾಡು ಹಿಡಿದು: ಗೋಲ್ಕೊಂಡದಿಂದ ಜಾಮಾ ಮಸೀದಿಯವರೆಗೆ

ದೆಹಲಿಯ ಜಾಮಾ ಮಸೀದಿಗೆ ಹೋದವರು ಪೂರ್ವದ ದೊಡ್ಡ ಮೆಟ್ಟಿಲುಗಳನ್ನು ನೋಡಿರುತ್ತಾರೆ. ಆ ಮೆಟ್ಟಿಲುಗಳ ಬುಡದಲ್ಲಿ ಕೆಂಪು ಬಣ್ಣ ಬಳಿದ ಒಂದು ಪುಟ್ಟ ದರ್ಗಾ ಇದೆ. ಅಲ್ಲಿ ಮಲಗಿರುವವನು ಸರ್ಮದ್. ಇರಾನಿನ ಕಾಶಾನ್ ಊರಿನವನು, ಹುಟ್ಟಿನಿಂದ ಯೆಹೂದಿ. ಅರ್ಮೇನಿಯಾದವನು ಅನ್ನುವವರೂ ಇದ್ದಾರೆ. ವ್ಯಾಪಾರಕ್ಕೆಂದು ಹಡಗು ಹತ್ತಿ ಬಂದವನು ಇಲ್ಲಿ ಎಲ್ಲವನ್ನೂ ಬಿಟ್ಟು ಬೆತ್ತಲೆ ಫಕೀರನಾದ. ಪಾರಸಿಯಲ್ಲಿ ನೂರಾರು ರುಬಾಯಿಗಳನ್ನು, ಅಂದರೆ ನಾಲ್ಕು ಸಾಲಿನ ಪದ್ಯಗಳನ್ನು, ಹೇಳಿದ. 1661ರ ಸುಮಾರಿಗೆ, ಔರಂಗಜೇಬನ ಕಾಲದಲ್ಲಿ, ಅವನ ತಲೆ ಕಡಿದರು.

ಅವನ ಬಗ್ಗೆ ಓದಿದಾಗಿನಿಂದ ನನ್ನನ್ನು ಒಂದು ಪ್ರಶ್ನೆ ಬಿಟ್ಟಿರಲಿಲ್ಲ. ಸೂಫಿ ಅಂತ ಎಲ್ಲರೂ ಕರೆಯುತ್ತಾರೆ, ಶಹೀದ್ ಅಂತ ಕೈ ಮುಗಿಯುತ್ತಾರೆ. ಅವನೊಳಗಿದ್ದ ಯೆಹೂದಿ ಎಲ್ಲಿ ಹೋದ? ಅದನ್ನು ಹುಡುಕಿಕೊಂಡು ಜನವರಿ ಕೊನೆಯಲ್ಲಿ ಹೊರಟೆ. ಸೀದಾ ದೆಹಲಿಗೆ ಹೋಗದೆ ಹೈದರಾಬಾದಿನಲ್ಲಿ ಇಳಿದದ್ದಕ್ಕೆ ಕಾರಣ ಇತ್ತು. ಸರ್ಮದನ ಬಗ್ಗೆ ಅವನನ್ನು ಕಣ್ಣಾರೆ ಕಂಡು ಬರೆದವರಲ್ಲಿ ಮುಖ್ಯನಾದವನು, 'ದಬಿಸ್ತಾನ್' ಎಂಬ ಪಾರಸಿ ಗ್ರಂಥದ ಕರ್ತೃ, ಅವನನ್ನು ಭೇಟಿಯಾದದ್ದು ಹೈದರಾಬಾದಿನಲ್ಲೇ. 1647ರಲ್ಲಿ.

ಮಂಗಳವಾರ, ಗೋಲ್ಕೊಂಡ

ನಾಂಪಲ್ಲಿ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು. ಬಿಸ್ಕತ್ತಿನ ಉಪ್ಪು-ಸಿಹಿ ಎರಡೂ ಗಟ್ಟಿ ಚಹಾದ ಜೊತೆ ಸೇರಿದಾಗ ರಾತ್ರಿ ಪ್ರಯಾಣದ ಆಯಾಸ ಅರ್ಧ ಇಳಿಯಿತು. ಅಲ್ಲಿಂದ ಆಟೋ. ಕೋಟೆಯ ಬಾಗಿಲು ತೆಗೆಯುವ ಹೊತ್ತಿಗೇ ಹೋದರೆ ಒಳ್ಳೆಯದು. ಹತ್ತು ಗಂಟೆ ದಾಟಿತು ಅಂದರೆ ಶಾಲಾ ಮಕ್ಕಳ ಬಸ್ಸುಗಳು ಸಾಲಾಗಿ ಬರುತ್ತವೆ, ಬಿಸಿಲೂ ಏರುತ್ತದೆ. ಮೇಲೆ ಹತ್ತುವಾಗ ನೆರಳು ಕಡಿಮೆ, ನೀರಿನ ಬಾಟಲಿ ಕೈಯಲ್ಲಿರಲಿ.

ಕೆಳಗಿನ ದ್ವಾರದಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಅದು ಗುಡ್ಡದ ತುದಿಯ ಬಾಲಾ ಹಿಸಾರಿಗೆ ಕೇಳಿಸುತ್ತದೆ. ನಾನು ತುದಿ ತಲುಪಿ ಕಲ್ಲಿನ ಮೇಲೆ ಕೂತಾಗ ಕೆಳಗೆ ಯಾರೋ ತಟ್ಟಿದ್ದು ಟಪ್ ಟಪ್ ಅಂತ ಸ್ಪಷ್ಟವಾಗಿ ಬಂತು. ಪಕ್ಕದಲ್ಲಿ ವಯಸ್ಸಾದ ಗೈಡ್ ಒಬ್ಬರು ಗಿರಾಕಿ ಇಲ್ಲದೆ ಕೂತಿದ್ದರು. ಸರ್ಮದನ ಹೆಸರು ಹೇಳಿದೆ. "ಆ ಹೆಸರು ನಮ್ಮ ಪಾಠದಲ್ಲಿ ಇಲ್ಲ ಸಾಬ್. ಆದರೆ ಇರಾನಿನವರು ಇಲ್ಲಿಗೆ ಬಂದರೆ ಪರದೇಶ ಅನ್ನಿಸ್ತಿರಲಿಲ್ಲ. ನಮ್ಮ ಸುಲ್ತಾನರ ಮೂಲವೇ ಅಲ್ಲಿನದು" ಎಂದರು.

ಅವರ ಮಾತು ನಿಜ. ಕುತುಬ್ ಶಾಹಿ ಮನೆತನ ಕಟ್ಟಿದ ಸುಲ್ತಾನ್ ಕುಲಿ ಇರಾನಿನ ಹಮದಾನ್ ಕಡೆಯವನು. ಸರ್ಮದ್ ಬಂದಾಗ ಆಳುತ್ತಿದ್ದವನು ಅಬ್ದುಲ್ಲಾ ಕುತುಬ್ ಶಾಹ್. ಪಾರಸಿ ಬಲ್ಲ ಕವಿಗಳಿಗೆ, ಪಂಡಿತರಿಗೆ, ವ್ಯಾಪಾರಿಗಳಿಗೆ ಈ ಊರು ತೆರೆದಿತ್ತು.

ಆದರೆ ಸರ್ಮದ್ ಇಲ್ಲಿಗೆ ಒಬ್ಬನೇ ಬಂದಿರಲಿಲ್ಲ. ಅದಕ್ಕೆ ಹಿಂದಿನ ಕಥೆ ಹೇಳಬೇಕು. ಅವನದು ರಬ್ಬಿಗಳ, ಅಂದರೆ ಯೆಹೂದಿ ಧರ್ಮಗುರುಗಳ, ಮನೆತನ. ಚಿಕ್ಕಂದಿನಲ್ಲೇ ಅವರ ಧರ್ಮಗ್ರಂಥ ತೋರಾ ಓದಿಕೊಂಡವನು. ಆಮೇಲೆ ಇಸ್ಲಾಂಗೆ ಬಂದು, ಇರಾನಿನ ದೊಡ್ಡ ತತ್ತ್ವಜ್ಞಾನಿಗಳಾದ ಮುಲ್ಲಾ ಸದ್ರಾ, ಮೀರ್ ಫಿಂದಿರಿಸ್ಕಿ ಹತ್ತಿರ ಕಲಿತ. 1632ರ ಸುಮಾರಿಗೆ ಸಿಂಧಿನ ಠಟ್ಟಾಗೆ ಬಂದಿಳಿದ. ಅಲ್ಲಿ ಅಭಯಚಂದ್ ಎಂಬ ಹಿಂದೂ ವರ್ತಕರ ಮನೆಯ ಹುಡುಗನನ್ನು ಕಂಡ. ಆ ಪ್ರೀತಿಯಲ್ಲಿ ಸರಕು, ಹಣ, ಬಟ್ಟೆ ಎಲ್ಲ ಬಿಟ್ಟ. ಹುಡುಗನ ತಂದೆ ಮೊದಲು ತಡೆದ, ಆಮೇಲೆ ಈ ಪ್ರೀತಿಯಲ್ಲಿ ಕೆಟ್ಟದ್ದಿಲ್ಲ ಅಂತ ಮನವರಿಕೆಯಾಗಿ ಮನೆಗೇ ಕರೆದುಕೊಂಡ. ಇಬ್ಬರೂ ಮುಂದೆ ಲಾಹೋರು, ಹೈದರಾಬಾದು ಸುತ್ತಿದರು. ಸರ್ಮದ್ ಆ ಹುಡುಗನಿಗೆ ಹೀಬ್ರೂ ಕಲಿಸಿದ. ತೋರಾ ಓದಿಸಿದ, ದಾವೀದನ ಕೀರ್ತನೆಗಳನ್ನೂ ಓದಿಸಿದ.

ದಬಿಸ್ತಾನಿನಲ್ಲಿ ಯೆಹೂದಿಗಳ ಬಗ್ಗೆ ಇರುವ ಅಧ್ಯಾಯಕ್ಕೆ ಸರ್ಮದನೇ ಆಧಾರ. ಅದರಲ್ಲಿ ತೋರಾದ ಮೊದಲ ಪುಸ್ತಕವಾದ ಆದಿಕಾಂಡದ ಆರಂಭದ ಪಾರಸಿ ಅನುವಾದವೂ ಇದೆ. ಅನುವಾದಿಸಿದವನು ಅಭಯಚಂದ್. ಸಿಂಧಿನ ಒಬ್ಬ ಹಿಂದೂ ಹುಡುಗ ಆದಾಮನ ಕಥೆಯನ್ನು ಹೀಬ್ರೂವಿನಿಂದ ಪಾರಸಿಗೆ ತಂದ. ಗೋಲ್ಕೊಂಡದ ಮೇಲಿನಿಂದ ಹಳೆಯ ಊರನ್ನು ನೋಡುತ್ತಾ ನನಗೆ ಅದೇ ಯೋಚನೆ. ಈ ಗುಡ್ಡದ ಸುತ್ತಲಿನ ಯಾವುದೋ ಮನೆಯಲ್ಲಿ ಆ ಹಾಳೆಗಳು ಕೈ ಬದಲಾಗಿರಬೇಕು.

ಇಳಿಯುವಾಗ ಒಂದು ಮೆಟ್ಟಿಲು ಸವೆದಿತ್ತು, ಕಾಲು ಜಾರಿ ಮೊಣಕಾಲು ತರಚಿತು. ಹಿಂದೆ ಬರುತ್ತಿದ್ದ ಹೆಂಗಸೊಬ್ಬರು, "ಅಯ್ಯೋ, ಕೂಡ್ರಿ ಕೂಡ್ರಿ" ಅಂದರು. ನೋಡಿದರೆ ಬೀದರಿನವರು. ಚೀಲದಿಂದ ಅರಿಶಿನ ತೆಗೆದು ಹಚ್ಚಿದರು. ಪ್ರಯಾಣದಲ್ಲಿ ಅರಿಶಿನದ ಪೊಟ್ಟಣ ಇಟ್ಟುಕೊಳ್ಳುವುದನ್ನು ಅವರಿಂದ ಕಲಿತೆ.

ಬುಧವಾರ, ರೈಲಿನಲ್ಲಿ

ಬಲ್ಲಾರ್‌ಶಾ ದಾಟಿದ ಮೇಲೆ ಕಾಡು, ನಾಗಪುರದಲ್ಲಿ ಕಿತ್ತಳೆ. ಎದುರು ಸೀಟಿಗೆ ಬಂದು ಕೂತವರು ನಿವೃತ್ತ ಉರ್ದು ಮೇಷ್ಟ್ರು. ನನ್ನ ಕೈಯಲ್ಲಿದ್ದ ಟಿಪ್ಪಣಿ ಪುಸ್ತಕದಲ್ಲಿ ಸರ್ಮದ್ ಹೆಸರು ಕಂಡು, ಕಿತ್ತಳೆ ಸುಲಿಯುತ್ತಲೇ ಒಂದು ರುಬಾಯಿ ಹೇಳಿದರು. ಅದರ ಕೊನೆಯ ಮಾತಿನ ಅರ್ಥ ಇಷ್ಟು: ಪ್ರವಾದಿ ಆಕಾಶಕ್ಕೆ ಏರಿದರು ಅಂತ ಮುಲ್ಲಾ ಹೇಳುತ್ತಾನೆ, ಆಕಾಶವೇ ಪ್ರವಾದಿಯೊಳಗೆ ಇಳಿಯಿತು ಅಂತ ಸರ್ಮದ್ ಹೇಳುತ್ತಾನೆ.

"ಇದಕ್ಕೂ ಒಂದು ಆರೋಪ ಹೊರಿಸಿದರು" ಎಂದರು ಮೇಷ್ಟ್ರು. "ಬೆತ್ತಲೆ ಇದ್ದ ಅಂತ ಒಂದು. ದೇಹಸಮೇತ ಸ್ವರ್ಗಾರೋಹಣ ಒಪ್ಪಲಿಲ್ಲ ಅಂತ ಇನ್ನೊಂದು. ಆದರೆ ಅಸಲಿ ತಪ್ಪು ಯಾವುದು ಗೊತ್ತಾ? ಔರಂಗಜೇಬನ ಅಣ್ಣ ದಾರಾ ಶಿಕೋನ ಸ್ನೇಹ."

ಬೆತ್ತಲೆತನದ ಬಗ್ಗೆ ನಾನು ಓದಿದ್ದನ್ನು ಅವರಿಗೆ ಹೇಳಿದೆ. ದಬಿಸ್ತಾನಿನ ಕರ್ತೃವಿಗೆ ಸರ್ಮದ್ ಅದಕ್ಕೆ ಕೊಟ್ಟ ಸಮರ್ಥನೆ ಸೂಫಿಗಳದ್ದಲ್ಲ. ತನ್ನ ಹಳೆಯ ಧರ್ಮದ್ದು. ಪ್ರವಾದಿ ಯೆಶಾಯನೂ ಬೆತ್ತಲೆ ತಿರುಗಿದ್ದ ಅಂತ ಅವನು ಹೇಳಿದ್ದ. ಬೈಬಲ್ಲಿನ ಯೆಶಾಯನ ಪುಸ್ತಕದಲ್ಲಿ ಆ ಪ್ರಸಂಗ ಇದೆ, ಮೂರು ವರ್ಷ ಬಟ್ಟೆಯಿಲ್ಲದೆ ಬರಿಗಾಲಲ್ಲಿ ನಡೆದದ್ದು. ಮೇಷ್ಟ್ರು ಕಿತ್ತಳೆ ತೊಳೆ ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಐವತ್ತು ವರ್ಷ ಅವನ ಶೇರ್ ಹೇಳಿಕೊಂಡು ಬಂದಿದ್ದೇನೆ. ಈ ಕಡೆಯಿಂದ ನೋಡಿರಲಿಲ್ಲ" ಎಂದರು. ಭೋಪಾಲಿನಲ್ಲಿ ಇಳಿದು ಹೋದರು.

ಗುರುವಾರ, ದೆಹಲಿ

ಆಗ್ರಾ ದಾಟುವಷ್ಟರಲ್ಲಿ ಕಿಟಕಿಯಾಚೆ ಏನೂ ಇಲ್ಲ. ಬರೀ ಬಿಳಿ ಮಂಜು. ರೈಲು ನಿಂತು ನಿಂತು, ಬೆಳಿಗ್ಗೆ ತಲುಪಬೇಕಾದದ್ದು ಮಧ್ಯಾಹ್ನವಾಯಿತು. ಡಿಸೆಂಬರ್, ಜನವರಿಯಲ್ಲಿ ಉತ್ತರಕ್ಕೆ ಹೋಗುವವರು ಮೊದಲ ದಿನ ಯಾವ ಕೆಲಸವನ್ನೂ ಇಟ್ಟುಕೊಳ್ಳಬಾರದು. ಅಕ್ಕನ ಮನೆ ಆರ್.ಕೆ.ಪುರಂನಲ್ಲಿ, ದೆಹಲಿ ಕರ್ನಾಟಕ ಸಂಘಕ್ಕೆ ಹತ್ತಿರ. ಬಿಸಿ ಸಾರು, ಅನ್ನ ಹೊಟ್ಟೆಗೆ ಬಿದ್ದ ಮೇಲೆ ಕೈಕಾಲಿಗೆ ಜೀವ ಬಂತು.

"ಇಷ್ಟು ವರ್ಷದಿಂದ ಇಲ್ಲೇ ಇದ್ದೀನಿ. ಜಾಮಾ ಮಸೀದಿಗೆ ಬಂದೋರನ್ನೆಲ್ಲ ಕರ್ಕೊಂಡು ಹೋಗಿದ್ದೀನಿ. ಈ ದರ್ಗಾ ಯಾವುದೋ?" ಎಂದಳು ಅಕ್ಕ. ಗುರುವಾರ ಸಂಜೆ ದರ್ಗಾಗಳಿಗೆ ಜನ ಬರುವ ಹೊತ್ತು. ಅವಳೂ ಶಾಲು ಹೊದ್ದು ಹೊರಟಳು.

ಮೆಟ್ರೋದಲ್ಲಿ ಹೋಗಿ. ನೇರಳೆ ಲೈನಿನಲ್ಲಿ ಜಾಮಾ ಮಸೀದಿ ಅಂತಲೇ ಸ್ಟೇಷನ್ ಇದೆ, ಮೇಲೆ ಬಂದರೆ ಮೀನಾ ಬಜಾರಿನ ಹತ್ತಿರವೇ. ಕಂಬಳಿ, ಸ್ವೆಟರ್, ಗಡಿಯಾರ, ಅತ್ತರು ಮಾರುವವರ ನಡುವೆ ನುಗ್ಗಿಕೊಂಡು ನಡೆಯಬೇಕು. ಮಸೀದಿಯ ಪೂರ್ವದ ಮೆಟ್ಟಿಲುಗಳು ಕಾಣಿಸಿದ ಮೇಲೆ ಕೆಳಗೇ ನೋಡಿ. ಒಂದೇ ಆವರಣದಲ್ಲಿ ಎರಡು ಬಣ್ಣ. ಹಸಿರು ಬಣ್ಣದ ಭಾಗ ಹರೇ ಭರೇ ಶಾಹ್ ಅವರದು, ಸರ್ಮದನ ಗುರು ಅಂತ ಇಲ್ಲಿನವರು ನಂಬುವವರು. ಕೆಂಪು ಬಣ್ಣದ್ದು ಸರ್ಮದನದು. ರಕ್ತದ ನೆನಪಿಗೆ ಕೆಂಪು.

ಒಳಗೆ ಜಾಗ ಕಡಿಮೆ. ಗೋರಿಯ ಮೇಲೆ ಕೆಂಪು ಚಾದರ, ಅದರ ಮೇಲೆ ಗುಲಾಬಿ ಎಸಳು. ಲೋಬಾನದ ಹೊಗೆ ಕಣ್ಣು ಉರಿಸುತ್ತಿತ್ತು. ಒಬ್ಬ ಯುವಕ, ಬಹುಶಃ ಹತ್ತಿರದ ಅಂಗಡಿಯ ಹಮಾಲಿ, ಹೆಗಲ ಮೇಲಿನ ಹಗ್ಗ ತೆಗೆದು ಕೆಳಗಿಟ್ಟು, ಗೋರಿಯ ಅಂಚಿಗೆ ಹಣೆ ಒತ್ತಿ ತುಂಬಾ ಹೊತ್ತು ಹಾಗೇ ಇದ್ದ. ಅವನ ಅಂಗೈಯಲ್ಲಿ ಹಗ್ಗ ಎಳೆದ ಗುರುತು ಕೆಂಪಗೆ ಕಾಣುತ್ತಿತ್ತು. ಪಕ್ಕದಲ್ಲಿ ಕುಂಕುಮ ಇಟ್ಟ ಇಬ್ಬರು ಹೆಂಗಸರು ಅಗರಬತ್ತಿ ಹಚ್ಚುತ್ತಿದ್ದರು. ಯಾರೂ ಯಾರನ್ನೂ ನೀವು ಯಾರು ಅಂತ ಕೇಳಲಿಲ್ಲ.

ದರ್ಗಾ ನೋಡಿಕೊಳ್ಳುವ ಮುಜಾವರರು ನಮ್ಮನ್ನು ಕೂರಿಸಿ ಕಥೆ ಹೇಳಿದರು. ದರ್ಬಾರಿನಲ್ಲಿ ಕಲಿಮಾ, ಅಂದರೆ ಇಸ್ಲಾಮಿನ ನಂಬಿಕೆಯ ವಾಕ್ಯ, ಹೇಳು ಅಂದರು. ಸರ್ಮದ್ 'ಲಾ ಇಲಾಹ' ಅಂತ ಹೇಳಿ ನಿಲ್ಲಿಸಿದ. 'ಯಾವ ದೇವರೂ ಇಲ್ಲ' ಅನ್ನುವವರೆಗೆ ಮಾತ್ರ. 'ಅಲ್ಲಾಹನ ಹೊರತು' ಅನ್ನುವ ಮುಂದಿನ ಭಾಗ ಯಾಕೆ ಹೇಳಲ್ಲ ಅಂದರೆ, ನಾನಿನ್ನೂ ನಿರಾಕರಣೆಯಲ್ಲೇ ಮುಳುಗಿದ್ದೇನೆ, ಅದರಾಚೆಗೆ ತಲುಪಿಲ್ಲ, ತಲುಪದೆ ಹೇಳಿದರೆ ಸುಳ್ಳಾಗುತ್ತದೆ ಅಂದನಂತೆ. ತಲೆ ಕಡಿಯುವವನು ಕತ್ತಿ ಹಿಡಿದು ಬಂದಾಗ, ನೀನು ಯಾವ ವೇಷದಲ್ಲಿ ಬಂದರೂ ನಾನು ಗುರುತಿಸುತ್ತೇನೆ ಅಂತ ನಕ್ಕನಂತೆ. ಆಮೇಲೆ ಕಡಿದ ತಲೆಯನ್ನು ಕೈಯಲ್ಲಿ ಹಿಡಿದು ಮಸೀದಿಯ ಮೆಟ್ಟಿಲು ಹತ್ತತೊಡಗಿದ, ಹರೇ ಭರೇ ಶಾಹ್ ಅವರ ಕೂಗು ಕೇಳಿ ಇಲ್ಲೇ ನಿಂತ. ಇದು ಜನರ ಕಥೆ. ಆದರೆ ಕಲಿಮಾದ ಮಾತನ್ನು ಹಳೆಯ ಬರಹಗಳೂ ಹೇಳುತ್ತವೆ. ನನಗೆ ಅದೇ ದೊಡ್ಡದು. ಪ್ರಾಣ ಉಳಿಸಿಕೊಳ್ಳಲು ಇನ್ನು ಎರಡೇ ಪದ ಸಾಕಿತ್ತು. ತಾನು ಕಾಣದ್ದನ್ನು ಕಂಡೆ ಅಂತ ಅವನು ಹೇಳಲಿಲ್ಲ.

"ಅವರು ಯೆಹೂದಿಯಾಗಿ ಹುಟ್ಟಿದ್ದು ನಿಮಗೆ ಗೊತ್ತಾ?" ಅಂತ ಕೇಳಿದೆ. "ಕೇಳಿದ್ದೇನೆ. ಅದರಿಂದ ಏನು ಬಂತು ಅಂತ ಯಾರೂ ಹೇಳಿಲ್ಲ" ಎಂದರು ಮುಜಾವರರು.

ಹೊರಗೆ ಬಂದಾಗ ಚಳಿ ಏರಿತ್ತು. ಒಂದನೇ ಗೇಟಿನ ಎದುರು ಮಟಿಯಾ ಮಹಲ್ ಬೀದಿಯಲ್ಲಿ ನಾನು ನಿಹಾರಿ ತಿಂದೆ, ಅಕ್ಕ ಶೀರ್ಮಾಲ್ ರೊಟ್ಟಿಯನ್ನು ಹಾಲಿನ ಚಹಾದಲ್ಲಿ ಅದ್ದಿ ತಿಂದಳು. ಕೇಸರಿ ವಾಸನೆಯ, ಸ್ವಲ್ಪ ಸಿಹಿಯಾದ ರೊಟ್ಟಿ ಅದು. ಬರುವಾಗ ಹತ್ತಿದ ಇ-ರಿಕ್ಷಾದ ಬ್ಯಾಟರಿ ಚಾವ್ಡಿ ಬಜಾರಿನ ನಡುವೆ ಮುಗಿಯಿತು. ಚಾಲಕ, ನಾನು, ಇನ್ನೊಬ್ಬ ಪ್ರಯಾಣಿಕ ಸೇರಿ ಗಾಡಿಯನ್ನು ಪಕ್ಕಕ್ಕೆ ತಳ್ಳಿದೆವು. ರಾತ್ರಿ ಆ ಬೀದಿಗಳಲ್ಲಿ ನಡಿಗೆಯೇ ಬೇಗ.

ಶುಕ್ರವಾರ, ಹುಮಾಯೂನ್ ಸಮಾಧಿ ಮತ್ತು ಸಿನಗಾಗ್

ಬೆಳಿಗ್ಗೆ ಹುಮಾಯೂನನ ಸಮಾಧಿಗೆ ಹೋದದ್ದು ದಾರಾ ಶಿಕೋಗಾಗಿ. ಮಂಜಿನಲ್ಲಿ ಗುಮ್ಮಟದ ಅರ್ಧ ಮಾತ್ರ ಕಾಣುತ್ತಿತ್ತು. ಶಹಜಹಾನನ ಹಿರಿಯ ಮಗ ದಾರಾ, 1657ರಲ್ಲಿ ಐವತ್ತು ಉಪನಿಷತ್ತುಗಳನ್ನು ಪಾರಸಿಗೆ ತಂದವನು. ಸರ್ಮದ್ ದೆಹಲಿಗೆ ಬಂದ ಮೇಲೆ ಅವನನ್ನು ಗುರುವಿನಂತೆ ಕಂಡವನು. ತಮ್ಮ ಔರಂಗಜೇಬನ ಕೈಯಲ್ಲಿ ಸೋತಾಗ ಹರಕು ಬಟ್ಟೆಯಲ್ಲಿ ಆನೆಯ ಮೇಲೆ ಕೂರಿಸಿ ಇದೇ ಊರಲ್ಲಿ ಮೆರವಣಿಗೆ ಮಾಡಿದರು. 1659ರಲ್ಲಿ ಕೊಂದರು. ಆ ಮೆರವಣಿಗೆಯನ್ನು ಕಣ್ಣಾರೆ ಕಂಡ ಫ್ರೆಂಚ್ ವೈದ್ಯ ಬರ್ನಿಯರ್ ಜನ ಅಳುತ್ತಿದ್ದರು ಅಂತ ಬರೆದಿದ್ದಾನೆ. ಅದೇ ಬರ್ನಿಯರ್‌ಗೆ ಬೀದಿಯಲ್ಲಿ ಬೆತ್ತಲೆ ತಿರುಗುವ ಸರ್ಮದನನ್ನು ಕಂಡರೆ ಹೇಸಿಗೆ ಆಗುತ್ತಿತ್ತು. ಆದರೂ ಔರಂಗಜೇಬನ ಆಮಿಷಕ್ಕೂ ಬೆದರಿಕೆಗೂ ಅವನು ಜಗ್ಗಲಿಲ್ಲ ಅನ್ನುವುದನ್ನು ಬರೆಯದೆ ಬಿಡಲಿಲ್ಲ.

ಈ ಆವರಣದಲ್ಲಿ ಮೊಘಲರ ನೂರಕ್ಕೂ ಹೆಚ್ಚು ಗೋರಿಗಳಿವೆ, ಬಹಳಷ್ಟಕ್ಕೆ ಹೆಸರಿಲ್ಲ. ದಾರಾನದು ಯಾವುದು ಅಂತ ಗುರುತಿಸಲು 2020ರಲ್ಲಿ ಸರ್ಕಾರ ತಜ್ಞರ ಸಮಿತಿಯನ್ನೇ ಮಾಡಬೇಕಾಯಿತು. ರಾಜಕುಮಾರನ ಗೋರಿಗೆ ಹುಡುಕಾಟ. ಬೆತ್ತಲೆ ಫಕೀರನ ಗೋರಿಗೆ ಮೊನ್ನೆ ಬಿದ್ದ ಗುಲಾಬಿ ಇನ್ನೂ ಬಾಡಿರುವುದಿಲ್ಲ.

ಮಧ್ಯಾಹ್ನ ಬಿಸಿಲು ಬಂತು. ಹುಲ್ಲಿನ ಮೇಲೆ ಕೂತು ಅಕ್ಕ ಕಟ್ಟಿಕೊಟ್ಟ ಚಪಾತಿ, ಚಟ್ನಿಪುಡಿ.

ಸಂಜೆ ಹುಮಾಯೂನ್ ರಸ್ತೆಯ ಜೂಡಾ ಹಯಾಮ್ ಸಿನಗಾಗ್, ಯೆಹೂದಿಗಳ ಪ್ರಾರ್ಥನಾ ಮಂದಿರ. ಖಾನ್ ಮಾರ್ಕೆಟ್ ಮೆಟ್ರೋ ಇಳಿದು ನಡೆಯಬಹುದು. 1956ರಲ್ಲಿ ಕಟ್ಟಿದ್ದು, ದೆಹಲಿಯ ಯೆಹೂದಿಗಳ ಸಿನಗಾಗ್ ಇದೊಂದೇ. ಪಕ್ಕದಲ್ಲೇ ಅವರ ಸ್ಮಶಾನ. ಬಾಗಿಲಲ್ಲಿ ಪೊಲೀಸರು ಇರುತ್ತಾರೆ, ಗುರುತಿನ ಚೀಟಿ ಬೇಕು, ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗುವುದು ಸರಿ. ಗಂಡಸರು ತಲೆಗೆ ಪುಟ್ಟ ಟೋಪಿ ಇಡಬೇಕು, ಅಲ್ಲೇ ಕೊಡುತ್ತಾರೆ. ಊರಲ್ಲಿ ಇರುವ ಯೆಹೂದಿ ಕುಟುಂಬಗಳು ಬೆರಳೆಣಿಕೆಯಷ್ಟು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಪ್ರಾರ್ಥನೆಗೆ ವಿದೇಶಿ ಪ್ರವಾಸಿಗಳು, ರಾಯಭಾರ ಕಚೇರಿಯವರು ಸೇರಿಕೊಳ್ಳುತ್ತಾರೆ. ನಮ್ಮಂಥವರನ್ನೂ ಬನ್ನಿ ಅಂತ ಕೂರಿಸಿದರು. ಅಕ್ಕ ನನ್ನ ಪಕ್ಕದಲ್ಲೇ ಕೂತಳು.

ಪ್ರಾರ್ಥನೆ ಮುಗಿದ ಮೇಲೆ ಕೊಂಕಣ ಮೂಲದ ಬೆನೆ ಇಸ್ರೇಲ್ ಸಮುದಾಯದ ಹಿರಿಯರೊಬ್ಬರ ಜೊತೆ ಮಾತಿಗೆ ಸಿಕ್ಕೆವು. ಸರ್ಮದನ ಹೆಸರು ಅವರಿಗೆ ಗೊತ್ತಿತ್ತು. "ಅವನು ನಮ್ಮನ್ನು ಬಿಟ್ಟು ಹೋದವನು. ಆದರೂ ಮಾತಿಗೆ ಬಂದಾಗ ನಮ್ಮ ಕಾಶಾನಿನ ಹುಡುಗ ಅಂತಲೇ ಹೇಳ್ತೀವಿ" ಎಂದರು. ಅಭಯಚಂದನ ಅನುವಾದದ ಸುದ್ದಿ ಎತ್ತಿದೆ. ಎಲ್ಲಿಯವರೆಗೆ ಅನುವಾದ ಆಗಿದೆ ಅಂತ ಕೇಳಿದರು. ಟಿಪ್ಪಣಿ ತೆಗೆದು ನೋಡಿ ಹೇಳಿದೆ. ಆದಿಕಾಂಡದ ಆರನೇ ಅಧ್ಯಾಯ, ಎಂಟನೇ ವಚನ. ನೋಹನಿಗೆ ದೇವರ ದಯೆ ದೊರೆಯಿತು ಅನ್ನುವಲ್ಲಿಗೆ.

ಅವರ ಮುಖ ಅರಳಿತು. ಆ ಜಾಗ ಸುಮ್ನೆ ಬಂದದ್ದಲ್ಲ ಅಂದರು. ಸಿನಗಾಗುಗಳಲ್ಲಿ ತೋರಾವನ್ನು ವಾರಕ್ಕೊಂದು ಭಾಗದಂತೆ ವರ್ಷವಿಡೀ ಓದುತ್ತಾರೆ. ವರ್ಷದ ಮೊದಲ ವಾರದ ಪಾಠ ಜಗತ್ತಿನ ಸೃಷ್ಟಿಯಿಂದ ಶುರುವಾಗಿ ಸರಿಯಾಗಿ ಆ ವಚನಕ್ಕೇ ನಿಲ್ಲುತ್ತದೆ. ಅಧ್ಯಾಯ, ವಚನಗಳ ಲೆಕ್ಕ ಹಿಡಿದವನು ಆರನೇ ಅಧ್ಯಾಯದ ನಡುವೆ ನಿಲ್ಲಿಸುವುದಿಲ್ಲ. ಯೆಹೂದಿ ಮನೆಯಲ್ಲಿ ಪಾಠ ಹೇಳಿಸಿಕೊಂಡವನು ಮಾತ್ರ ಅಲ್ಲಿ ನಿಲ್ಲಿಸುತ್ತಾನೆ.

ನಾನು ಹುಡುಕಿಕೊಂಡು ಬಂದದ್ದು ಸಿಕ್ಕಿತ್ತು. ಧರ್ಮ ಬಿಟ್ಟು, ಬಟ್ಟೆ ಬಿಟ್ಟು, ದೇಶ ಬಿಟ್ಟು ನಡೆದವನು ತಾನು ಪ್ರೀತಿಸಿದ ಹುಡುಗನಿಗೆ ಪಾಠ ಹೇಳಲು ಕೂತಾಗ, ಕಾಶಾನಿನಲ್ಲಿ ತನಗೆ ಹೇಳಿಕೊಟ್ಟ ಹಾಗೇ ಹೇಳಿಕೊಟ್ಟ. ಮೊದಲ ವಾರದ ಪಾಠ ಮೊದಲು. ಅಕ್ಕ ಕಣ್ಣು ಒರೆಸಿಕೊಂಡಳು. ನನಗೂ ಮಾತು ಹೊರಡಲಿಲ್ಲ.

ಶನಿವಾರ, ಚಾಂದನಿ ಚೌಕ

ಬೆಳಿಗ್ಗೆ ಸೀಸ್‌ಗಂಜ್ ಗುರುದ್ವಾರ. ಗುರು ತೇಗ್ ಬಹಾದೂರರ ತಲೆ ಕಡಿದದ್ದು 1675ರಲ್ಲಿ, ಇಲ್ಲೇ. ಅದೇ ಬಾದಶಾಹ, ಅದೇ ಊರು. ಇದಕ್ಕೂ ಸರ್ಮದನ ದರ್ಗಾಕ್ಕೂ ನಡುವೆ ನಡೆದರೆ ಅರ್ಧ ಗಂಟೆಯೂ ಬೇಡ. ದೆಹಲಿಗೆ ಬರುವವರು ಎರಡನ್ನೂ ಒಂದೇ ದಿನ ನೋಡಬೇಕು ಅನ್ನುವುದು ನನ್ನ ಬಿನ್ನಹ. ಲಂಗರಿನಲ್ಲಿ ನೆಲದ ಮೇಲೆ ಕೂತು ದಾಲ್, ರೊಟ್ಟಿ, ಖೀರು. ಹೊರಗೆ ಬೀದಿಯಲ್ಲಿ ದೌಲತ್ ಕಿ ಚಾಟ್, ಚಳಿಗಾಲದಲ್ಲಿ ಮಾತ್ರ ಸಿಗುವ ಹಾಲಿನ ನೊರೆ. ಮೇಲೆ ಕೇಸರಿ, ಪಿಸ್ತಾ. ಬಾಯಲ್ಲಿಟ್ಟರೆ ಕರಗಿ ಹೋಗುತ್ತದೆ. ಬೆಳಿಗ್ಗೆಯೇ ತಿನ್ನಬೇಕು, ಬಿಸಿಲು ಬಂದರೆ ನೊರೆ ಇಳಿಯುತ್ತದೆ.

ಮೀನಾ ಬಜಾರಿನ ಪಕ್ಕದ ತೋಟದಲ್ಲಿ ಮೌಲಾನಾ ಅಬುಲ್ ಕಲಾಂ ಆಜಾದರ ಗೋರಿಗೂ ಹೋದೆವು. ಇಪ್ಪತ್ತೆರಡರ ಆಸುಪಾಸಿನ ವಯಸ್ಸಿನಲ್ಲಿ, 1910ರ ಸುಮಾರಿಗೆ, ಅವರು ಉರ್ದುವಿನಲ್ಲಿ ಸರ್ಮದನ ಬಗ್ಗೆ ಉದ್ದನೆಯ ಲೇಖನ ಬರೆದಿದ್ದರು. 1958ರಲ್ಲಿ ತೀರಿಕೊಂಡಾಗ ಸರ್ಮದನಿಂದ ಕೂಗಳತೆಯಲ್ಲೇ ಜಾಗ ಸಿಕ್ಕಿತು. ಸುತ್ತ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಚೆಂಡು ಅಕ್ಕನ ಕಾಲಿಗೆ ಬಿತ್ತು, "ಸಾರಿ ಆಂಟಿ" ಅಂತ ಓಡಿ ಬಂದರು.

ದರ್ಗಾಕ್ಕೆ ಮತ್ತೆ ಹೋದದ್ದು ಮುಜಾವರರಿಗೆ ಉತ್ತರ ಕೊಡಲು. ಅದರಿಂದ ಏನು ಬಂತು ಅಂತ ಅವರು ಕೇಳಿದ್ದರಲ್ಲ. ಸಿನಗಾಗಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ನನ್ನ ಹಿಂದಿ ಸಾಲದೆಡೆ ಅಕ್ಕ ಸೇರಿಸಿದಳು. ಹೂ ಮಾರುವ ಹುಡುಗನೂ ಬಂದು ನಿಂತು ಕೇಳಿದ. "ಇದನ್ನು ಬರೆದುಕೊಡಿ, ಬಂದವರಿಗೆ ಹೇಳ್ತೀನಿ" ಎಂದರು ಮುಜಾವರರು. ಅಗರಬತ್ತಿ ಪೊಟ್ಟಣದ ಒಳಮೈ ಮೇಲೆ ಅಕ್ಕ ಹಿಂದಿಯಲ್ಲಿ ಬರೆಯತೊಡಗಿದಳು. ಕಾಶಾನ್, ರಬ್ಬಿಗಳ ಮನೆ, ಠಟ್ಟಾ, ಹೈದರಾಬಾದು, ಮೊದಲ ವಾರದ ಪಾಠ. ಅವರು ಓದಿ ನೋಡಿ, "ಆ ಹುಡುಗನ ಹೆಸರು ಬಿಟ್ಟಿದ್ದೀರಿ" ಎಂದರು. ಅಕ್ಕ ಅಭಯಚಂದ್ ಅಂತ ಸೇರಿಸಿ ಕೊಟ್ಟಳು.